ಚದರಡಿ ದರದೊಳಗೆ ಅಡಗಿದ ಷೆಡ್ಡು

ಪುಣೆಯ ಸುತ್ತಮುತ್ತ ಷೆಡ್ಡು ಹಾಕಿಸಲು ಹೊರಟವರು ಫ್ಯಾಬ್ರಿಕೇಟರನ ಮುಂದೆ ಮೊದಲು ಇಡುವ ಪ್ರಶ್ನೆ ಒಂದೇ: ಚದರಡಿಗೆ ಎಷ್ಟು? ಚಾಕಣದ ಗೋದಾಮಿರಲಿ, ಶಿರೂರಿನ ಕೋಳಿ ಫಾರಮ್ಮಿರಲಿ, ದೌಂಡದ ದನದ ಗೋಠಾ ಇರಲಿ, ಮಾತು ಶುರುವಾಗುವುದು ಅಲ್ಲಿಂದಲೇ. ಮೂವರಿಂದ ದರ ತರಿಸುತ್ತಾರೆ. ಕಡಿಮೆ ಹೇಳಿದವನಿಗೋ ಗುರುತಿನವನಿಗೋ ಕೆಲಸ ಒಪ್ಪಿಸುತ್ತಾರೆ. ಅರ್ಧ ಹಣ ಮುಂಗಡ ಕೊಡುತ್ತಾರೆ. ಹದಿನೈದು ದಿನದಲ್ಲಿ ನೀಲಿ ತಗಡಿನ ಮಾಡು ಎದ್ದು ನಿಲ್ಲುತ್ತದೆ. ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ.

ಈ ಪದ್ಧತಿಯ ದೋಷ ಆ ಮೊದಲ ಪ್ರಶ್ನೆಯಲ್ಲೇ ಇದೆ. ಚದರಡಿ ಎನ್ನುವುದು ನೆಲದ ಅಳತೆ, ಷೆಡ್ಡಿನ ಅಳತೆಯಲ್ಲ. ಷೆಡ್ಡು ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಮೂರು: ಕಂಬದ ಪೈಪಿನ ದಪ್ಪ, ತಗಡಿನ ಮೇಲಿನ ಸತುವಿನ ಲೇಪ, ನೆಲದೊಳಗಿನ ಕಾಂಕ್ರೀಟು. ಕೆಲಸ ಮುಗಿದ ಮೇಲೆ ಈ ಮೂರರಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ. ಕಾಣುವುದಕ್ಕೆ ಮಾತ್ರ ದರ ಕಟ್ಟಿ ಕಾಣದ್ದನ್ನು ಕಂಟ್ರಾಕ್ಟರನ ವಿವೇಚನೆಗೆ ಬಿಟ್ಟರೆ, ಉಳಿತಾಯ ಎಲ್ಲಿಂದ ಬರುತ್ತದೆಂದು ಬೇರೆ ಹೇಳಬೇಕಿಲ್ಲ. ಆತ ಅಪ್ರಾಮಾಣಿಕನೇ ಆಗಬೇಕೆಂದಿಲ್ಲ. ಪಕ್ಕದವನು ಇಪ್ಪತ್ತು ರೂಪಾಯಿ ಕಡಿಮೆ ಹೇಳಿದಾಗ ಪೈಪಿನ ದಪ್ಪ ಇಳಿಸದೆ ಅವನಿಗೆ ಬೇರೆ ದಾರಿಯಿರುವುದಿಲ್ಲ.

ಗೋಡೆಯ ಆಸರೆಯಿಲ್ಲದೆ ಕಂಬಗಳ ಮೇಲೆ ನಿಲ್ಲುವ ಮಾಡು ಹಳೆಯ ಕಲ್ಪನೆ. ಅಮೆರಿಕದ ರೈತರು ಕಟ್ಟುವ ಪೋಲ್ ಬಾರ್ನಿನಲ್ಲಿ ಔಷಧಿ ಹೀರಿಸಿದ ಮರದ ಕಂಬಗಳನ್ನು ನೇರ ನೆಲಕ್ಕೆ ಹೂಳುತ್ತಾರೆ. ನಮ್ಮ ಕಡೆ ಗೆದ್ದಲು ಮತ್ತು ಮರದ ಬೆಲೆ ಸೇರಿ ಆ ಜಾಗಕ್ಕೆ ಚೌಕ ಪೈಪನ್ನು ತಂದಿವೆ. ಮರವಾದರೆ ದಪ್ಪ ಎದುರಿಗೇ ಕಾಣುತ್ತಿತ್ತು, ಪೈಪು ಹೊರಗಿನ ಅಳತೆಯನ್ನಷ್ಟೇ ತೋರಿಸುತ್ತದೆ. 50 ಮಿಲಿಮೀಟರ್ ಚೌಕದ ಎರಡು ಪೈಪುಗಳನ್ನು ಪಕ್ಕಪಕ್ಕ ಇಡಿ. ಒಂದರ ಗೋಡೆ 2 ಮಿಲಿಮೀಟರ್, ಇನ್ನೊಂದರದು 2.9. ಬಣ್ಣ ಬಳಿದ ಮೇಲೆ ಎರಡೂ ಒಂದೇ. ತೂಕದ ಕಾಟಾಕ್ಕೆ ಹಾಕಿದರೆ ಮಾತ್ರ ಬೇರೆ: ಆರು ಮೀಟರ್ ಉದ್ದಕ್ಕೆ ಒಂದು ಸುಮಾರು ಹದಿನೇಳೂವರೆ ಕಿಲೋ ತೂಗುತ್ತದೆ, ಮತ್ತೊಂದು ಇಪ್ಪತ್ತೈದರ ಆಸುಪಾಸು. ಒಂದು ಪೈಪಿಗೆ ಏಳು ಕಿಲೋ ಕಡಿಮೆ ಎಂದರೆ ನೂರು ಪೈಪಿನ ಕೆಲಸದಲ್ಲಿ ಏಳು ಕ್ವಿಂಟಲ್ ಉಕ್ಕು ಕಾಣೆ. ಹೆಸರಾಂತ ಕಂಪನಿಗಳ ಪೈಪಿನ ಮೈಮೇಲೆ ಅಳತೆ, ದಪ್ಪ, ಐಎಸ್ 4923 ಅಥವಾ 1161 ಎಂಬ ಭಾರತೀಯ ಮಾನಕ ಅಚ್ಚಾಗಿರುತ್ತದೆ. ಆ ಅಚ್ಚನ್ನು ಓದುವುದೂ ಲಾರಿಯನ್ನು ವಜನ ಕಾಟಾದ ಮೇಲೆ ಹತ್ತಿಸುವುದೂ ಮಾಲೀಕನ ಕೆಲಸ. ರೆಡ್ ಆಕ್ಸೈಡ್ ಬಳಿಯುವ ಮುಂಚೆ ಮಾಡಬೇಕಾದ ಕೆಲಸ.

ತಗಡಿನ ವಿಷಯ ಇನ್ನೂ ಸೂಕ್ಷ್ಮ. ಅಂಗಡಿಯಲ್ಲಿ 0.50 ಎಂದು ಮಾರುವ ಬಣ್ಣದ ತಗಡಿನಲ್ಲಿ ಸತು, ಬಣ್ಣ ಎಲ್ಲ ಸೇರಿ ಅಷ್ಟು ದಪ್ಪ. ಒಳಗಿನ ಉಕ್ಕು 0.45ರ ಸುತ್ತ ಇರುತ್ತದೆ. ಒಬ್ಬ ಒಟ್ಟು ದಪ್ಪ ಹೇಳಿ, ಇನ್ನೊಬ್ಬ ಬರಿಯ ಉಕ್ಕಿನ ದಪ್ಪ ಹೇಳಿದರೆ ಎರಡು ದರಗಳನ್ನು ತೂಗಿ ನೋಡುವುದೇ ವ್ಯರ್ಥ. ದಪ್ಪಕ್ಕಿಂತ ಮುಖ್ಯವಾದದ್ದು ಲೇಪ. ಐಎಸ್ 277ರ ಲೆಕ್ಕದಲ್ಲಿ 120 ದರ್ಜೆಯೆಂದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 120 ಗ್ರಾಂ ಸತು, ಅಂದರೆ ಒಂದು ಬದಿಗೆ ಎಂಟೂವರೆ ಮೈಕ್ರಾನಿನಷ್ಟು. 275 ದರ್ಜೆಯಲ್ಲಿ ಅದು ಹತ್ತೊಂಬತ್ತು ಮೈಕ್ರಾನ್. ಮಾವಳದ ಮಳೆಗೆ ಮೈಯೊಡ್ಡುವ ಮಾಡಿಗೂ ಬಾರಾಮತಿಯ ಒಣ ಹವೆಯ ಮಾಡಿಗೂ ಒಂದೇ ತಗಡು ಎನ್ನುವ ಫ್ಯಾಬ್ರಿಕೇಟರನಿಗೆ ಈ ವ್ಯತ್ಯಾಸ ಗೊತ್ತಿಲ್ಲ, ಇಲ್ಲವೇ ಹೇಳಲು ಮನಸ್ಸಿಲ್ಲ.

ದುಬಾರಿ ಮಾಲು ಎಲ್ಲೆಡೆಗೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಅಲ್ಯೂಮಿನಿಯಂ ಮತ್ತು ಸತುವಿನ ಮಿಶ್ರ ಲೇಪವಿರುವ ಗ್ಯಾಲ್ವಲ್ಯೂಮ್ ತಗಡು ಗೋದಾಮಿಗೆ ಸೊಗಸು. ಆದರೆ ದನ ಕಟ್ಟುವ ಮುಚ್ಚಿದ ಕೊಟ್ಟಿಗೆಯಲ್ಲಿ ಗಂಜಲದಿಂದೇಳುವ ಅಮೋನಿಯಾ ಆ ಲೇಪವನ್ನು ತಿನ್ನುತ್ತದೆ. ತಯಾರಕರ ಗ್ಯಾರಂಟಿ ಪತ್ರಗಳು ಸಾಮಾನ್ಯವಾಗಿ ಪಶುಗಳನ್ನು ಕೂಡಿಹಾಕುವ ಕಟ್ಟಡಗಳನ್ನು ಹೊರಗಿಡುವುದು ಇದಕ್ಕೇ. ಗೋಠಾದಲ್ಲಿ ಹಣ ಹಾಕಬೇಕಾದದ್ದು ಬೇರೆ ಕಡೆ: ಗಾಳಿ ಹೊರಹೋಗಲು ಎತ್ತರದಲ್ಲಿ ಬಿಡುವ ಸಂದಿಗೆ ಮತ್ತು ಕಂಬದ ಬುಡಕ್ಕೆ. ಕಾಂಕ್ರೀಟಿನ ಪೀಠವನ್ನು ನೆಲದಿಂದ ಒಂದು, ಒಂದೂವರೆ ಅಡಿ ಮೇಲೆತ್ತಿ ಪೈಪನ್ನು ಅಲ್ಲಿಂದ ಶುರುಮಾಡಿದರೆ ಸಗಣಿ ನೀರು ಉಕ್ಕನ್ನು ಮುಟ್ಟುವುದಿಲ್ಲ. ಪೈಪಿನ ತುದಿಗೆ ಮುಚ್ಚಳ ಬೆಸೆಯದೆ ಬಿಟ್ಟರೆ ಮಳೆನೀರು ಒಳಗಿಳಿದು, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಕಂಬ ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಪಾಯದಲ್ಲಿ. ಗೋಡೆಯಿಲ್ಲದ ಷೆಡ್ಡು ಕುಸಿಯುವುದಕ್ಕಿಂತ ಹಾರುವುದೇ ಹೆಚ್ಚು. ಗಾಳಿಯ ಭಾರಕ್ಕೆ ಸಂಬಂಧಿಸಿದ ಐಎಸ್ 875 ಪುಣೆಗೆ ನಿಗದಿ ಮಾಡಿದ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ಆ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 93 ಕಿಲೋ. ಇಪ್ಪತ್ತಕ್ಕೆ ನಲವತ್ತು ಅಡಿಯ, ಎಂಟು ಕಂಬದ ಷೆಡ್ಡೊಂದನ್ನು ತೆಗೆದುಕೊಳ್ಳಿ. ಮಾಡಿನ ವಿಸ್ತಾರ 74 ಚದರ ಮೀಟರ್. ಆ ಒತ್ತಡದ ಅರ್ಧದಷ್ಟೇ ಮೇಲಕ್ಕೆಳೆದರೂ ಎಳೆತ ಮೂರೂಕಾಲು ಟನ್ ದಾಟುತ್ತದೆ. ತಗಡು, ಪೈಪು ಎಲ್ಲ ಸೇರಿ ಷೆಡ್ಡಿನ ತೂಕ ಎರಡು ಟನ್ ಎಂದಿಟ್ಟುಕೊಳ್ಳೋಣ. ಉಳಿದದ್ದನ್ನು ಹಿಡಿಯಬೇಕಾದದ್ದು ಕಾಂಕ್ರೀಟು. ಒಂದಡಿ ಚೌಕ, ಒಂದೂವರೆ ಅಡಿ ಆಳದ ಗುಂಡಿಯಲ್ಲಿ ಹಿಡಿಯುವುದು ನೂರು ಕಿಲೋ. ಎಂಟೂ ಸೇರಿ ಎಂಟು ಕ್ವಿಂಟಲ್. ಮಣ್ಣಿನ ಹಿಡಿತವನ್ನು ನಂಬದಿದ್ದರೆ ಲೆಕ್ಕ ಕೂಡುವುದಿಲ್ಲ. ಮೂರೂ ದಿಕ್ಕಿಗೆ ಎರಡಡಿಯ ಗುಂಡಿಯಾದರೆ ಒಂದೊಂದರಲ್ಲೂ ಐದೂವರೆ ಕ್ವಿಂಟಲ್ ಕಾಂಕ್ರೀಟು ಕೂರುತ್ತದೆ, ಆಗ ಧೈರ್ಯವಾಗಿರಬಹುದು. ಇದು ಇಂಜಿನಿಯರನ ಲೆಕ್ಕಕ್ಕೆ ಬದಲಿಯಲ್ಲ, ಗುಂಡಿಯ ಬಗ್ಗೆ ಚೌಕಾಸಿ ಮಾಡಬಾರದೇಕೆಂದು ತಿಳಿಯಲು ಸಾಕಾಗುವ ಲೆಕ್ಕ. ಜಿಲ್ಲೆಯ ಪೂರ್ವದ ಎರೆನೆಲದಲ್ಲಿ ಇನ್ನೊಂದು ಎಚ್ಚರ ಬೇಕು. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣನ್ನು ದಾಟಿ ಮುರುಮ, ಅಂದರೆ ಗಟ್ಟಿ ಗರಸು, ಸಿಗುವವರೆಗೆ ಅಗೆಯಲೇಬೇಕು.

ಗಾಳಿಯ ಮಾತು ಬರಿಯ ಪುಸ್ತಕದ್ದಲ್ಲ. 2020ರ ಜೂನ್ 3ರಂದು ಅಲಿಬಾಗ್ ಬಳಿ ದಡ ಮುಟ್ಟಿದ ನಿಸರ್ಗ ಚಂಡಮಾರುತ ಪುಣೆ ಜಿಲ್ಲೆಯ ಮಾಡುಗಳನ್ನೂ ಪಾಲಿಹೌಸುಗಳನ್ನೂ ಬಿಡಲಿಲ್ಲ. 2023ರ ಏಪ್ರಿಲ್ 17ರಂದು ಪಿಂಪ್ರಿ-ಚಿಂಚವಡದ ಕಿವಳೆಯಲ್ಲಿ ಬಿರುಗಾಳಿಗೆ ಕಬ್ಬಿಣದ ಹೋರ್ಡಿಂಗ್ ಉರುಳಿ, ಮಳೆಗೆ ಆಸರೆ ಹುಡುಕಿ ಅಲ್ಲಿ ನಿಂತಿದ್ದವರಲ್ಲಿ ಐವರು ಸತ್ತರು. ಹೋರ್ಡಿಂಗ್ ಷೆಡ್ಡಲ್ಲ, ನಿಜ. ಆದರೆ ಬೇಸಿಗೆಯ ಕೊನೆಯ ಗಾಳಿ ಎರಡಕ್ಕೂ ಒಂದೇ.

ಇದಕ್ಕೆಲ್ಲ ಎದುರಾಗಿ ಇಡಬಹುದಾದ ಒಳ್ಳೆಯ ಮಾದರಿಯೊಂದು ಇದೇ ಜಿಲ್ಲೆಯಲ್ಲಿದೆ: ಕಾಂದಾ ಚಾಳ, ಈರುಳ್ಳಿ ಕೂಡಿಡುವ ಕಂಬಗಳ ಷೆಡ್ಡು. ಭೀಮಾ ನದಿಯ ದಡದ ರಾಜಗುರುನಗರದಲ್ಲಿ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯವಿದೆ. ಭೀಮಾ ಶಕ್ತಿ, ಭೀಮಾ ಕಿರಣ ತಳಿಗಳು ಬಂದದ್ದು ಅಲ್ಲಿಂದಲೇ. ಸಂಗ್ರಹಣೆಯ ಮೇಲೂ ಅಲ್ಲಿ ಕೆಲಸ ನಡೆದಿದೆ. ಗುಲ್ಟೇಕಡಿಯಲ್ಲಿ ಕಚೇರಿಯಿರುವ ರಾಜ್ಯ ಕೃಷಿ ಪಣನ ಮಂಡಳಿ ಚಾಳಕ್ಕೆ ನಕ್ಷೆ ಕೊಟ್ಟು, ಆ ನಕ್ಷೆಯಂತೆ ಕಟ್ಟಿದರೆ ಅನುದಾನ ಎಂದಿತು. 25 ಟನ್ನಿನ ಎರಡು ಸಾಲಿನ ಚಾಳ ನಲವತ್ತು ಅಡಿ ಉದ್ದ. ಪ್ರತಿ ಸಾಲು ನಾಲ್ಕಡಿ ಅಗಲ, ಐದಡಿ ಎತ್ತರ. ನಡುವೆ ಐದಡಿಯ ಓಣಿ. ನಾಲ್ಕಡಿಗಿಂತ ಅಗಲವಾದರೆ ರಾಶಿಯ ಹೊಟ್ಟೆಗೆ ಗಾಳಿ ತಲುಪದು. ಐದಡಿಗಿಂತ ಎತ್ತರವಾದರೆ ಕೆಳಗಿನ ಗಡ್ಡೆ ಜಜ್ಜುತ್ತದೆ. ತಳವನ್ನು ನೆಲದಿಂದ ಮೇಲೆತ್ತಿ ಹಲಗೆಗಳ ನಡುವೆ ಸಂದಿ ಬಿಡುವುದು ಕೆಳಗಿನಿಂದ ಗಾಳಿ ಆಡಲೆಂದು. ಚಾಳವನ್ನು ಉದ್ದಕ್ಕೆ ಕೂರಿಸುವ ದಿಕ್ಕು ಒಂದೇ ಸಾಲಾದರೆ ದಕ್ಷಿಣೋತ್ತರ, ಎರಡು ಸಾಲಾದರೆ ಪೂರ್ವಪಶ್ಚಿಮ.

ಇಲ್ಲಿ ಸಾಮಗ್ರಿಯೂ ಬೆಳೆಯ ಅಗತ್ಯವನ್ನೇ ಅನುಸರಿಸುತ್ತದೆ. ತಗಡಿನಡಿ ಶಾಖ ಏರುವುದರಿಂದ ಈರುಳ್ಳಿಗೆ ಹೆಂಚು ಮೇಲು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹೊರಟು ಮರಾಠಿ ಮನೆಮಾತಿನಲ್ಲೂ ಊರಿನ ಹೆಸರು ಉಳಿಸಿಕೊಂಡ ಅದೇ ಹೆಂಚು. ಚದರ ಮೀಟರಿಗೆ ಮೂವತ್ತೈದು ಕಿಲೋ ಮೀರುವ ಅದರ ಭಾರಕ್ಕೆ ಗಟ್ಟಿ ಚೌಕಟ್ಟು ಬೇಕು. ಅದೇ ಭಾರ ಗಾಳಿಗೆ ಎದುರೂ ನಿಲ್ಲುತ್ತದೆ. ಇಲ್ಲಿ ನಕ್ಷೆ ಮೊದಲು, ಕಂಟ್ರಾಕ್ಟರ್ ಆಮೇಲೆ. ಚಾಳದ ಗೆಲುವಿರುವುದು ಈ ಕ್ರಮದಲ್ಲಿ. ಅದರ ಮಿತಿಯನ್ನೂ ಹೇಳಬೇಕು. ಟೇಪು ಹಿಡಿದವನು ಉದ್ದ ಅಗಲ ಅಳೆದು ಹೋಗಬಹುದು. ಪೈಪಿನ ದಪ್ಪವನ್ನೂ ಗುಂಡಿಯ ಆಳವನ್ನೂ ಟೇಪು ಹೇಳುವುದಿಲ್ಲ. ನಕ್ಷೆ ಸರಿಯಿದ್ದ ಚಾಳವೂ ಸಡಿಲವಾಗಿ ನಿಲ್ಲಬಹುದು.

ಹಾಗಾದರೆ ಒಪ್ಪಂದ ಹೇಗಿರಬೇಕು? ಕಿಲೋ ಲೆಕ್ಕದ ದರ ಚದರಡಿಗಿಂತ ಪ್ರಾಮಾಣಿಕ, ಏಕೆಂದರೆ ಉಕ್ಕು ಕದ್ದರೆ ಕಂಟ್ರಾಕ್ಟರನಿಗೇ ನಷ್ಟ. ಆದರೆ ಅದು ಎದುರು ದಿಕ್ಕಿನ ಆಸೆ ಹುಟ್ಟಿಸುತ್ತದೆ: ಬೇಡದ ಕಡೆಯೂ ದಪ್ಪ ಪೈಪು, ತಗಡು ಹೊರುವ ಅಡ್ಡಪಟ್ಟಿಗೆ ಬೇಡದಷ್ಟು ಪರ್ಲಿನ್ನು. ಸಾಮಾನು ನಾವೇ ತಂದು ಮಜೂರಿ ಮಾತ್ರ ಕೊಡುವ ಮೂರನೆಯ ದಾರಿ ಸಣ್ಣ ಗೋಠಾಕ್ಕೆ ಹೊಂದುತ್ತದೆ. ಆದರೆ ತುಂಡು ಪೈಪುಗಳ ವ್ಯರ್ಥಕ್ಕೆ ಆಗ ಯಾರೂ ಹೊಣೆಯಲ್ಲ. ಮೂರರಲ್ಲಿ ಯಾವುದಾದರೂ ನಡೆದೀತು, ಕೈಯಲ್ಲಿ ನಕ್ಷೆಯಿದ್ದರೆ. ಇಂಜಿನಿಯರನಿಗೆ ಕೊಡುವ ಶುಲ್ಕ ದುಂದು ಎನ್ನುವವರು ಕಳೆದುಕೊಳ್ಳುವ ತಗಡಿನ ಬೆಲೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಪುಣೆಯ ಕನ್ನಡಿಗರಲ್ಲಿ ಇನ್ನೊಂದು ರೂಢಿ ಇದೆ: ಕಲಬುರಗಿಯವನೋ ವಿಜಯಪುರದವನೋ ಸಿಕ್ಕರೆ, ನಮ್ಮವನೇ ಎಂದು ಕಾಗದವಿಲ್ಲದೆ ಕೆಲಸ ಕೊಡುವುದು. ಭಾಷೆಯ ನಂಟು ಮಾತಿಗೆ ಸಲೀಸು, ವೆಲ್ಡಿಂಗಿಗೆ ಪ್ರಮಾಣಪತ್ರವಲ್ಲ. ಅವನು ಮೂರು ಮಳೆಗಾಲದ ಹಿಂದೆ ಕಟ್ಟಿದ ಷೆಡ್ಡಿಗೆ ಹೋಗಿ, ಅವನನ್ನು ಬಿಟ್ಟು ಆ ಮಾಲೀಕರನ್ನೇ ಮಾತಾಡಿಸುವುದು ಲೇಸು. ಸ್ಕ್ರೂಗಳ ಸುತ್ತ ತುಕ್ಕಿನ ಕಲೆ ಇದೆಯೇ, ರಬ್ಬರ್ ವಾಷರ್ ಬಿರಿದಿದೆಯೇ, ಜಿಐ ಪೈಪು ಬೆಸೆದ ಕಡೆ ಸುಟ್ಟ ಸತುವಿನ ಮೇಲೆ ಜಿಂಕ್ ಪೇಂಟು ಬಳಿದಿದ್ದಾನೆಯೇ ಎಂದು ನೋಡಬೇಕು. ಆಮೇಲೆ ಒಂದು ಹಾಳೆಯಲ್ಲಿ ಪೈಪಿನ ದಪ್ಪ, ತಗಡಿನ ಉಕ್ಕಿನ ದಪ್ಪ ಮತ್ತು ಲೇಪದ ದರ್ಜೆ, ಗುಂಡಿಯ ಅಳತೆ ಬರೆದು ಇಬ್ಬರೂ ಸಹಿ ಹಾಕಬೇಕು. ಹಣವನ್ನು ಸಾಮಾನು ಇಳಿದಾಗ, ಕಾಂಕ್ರೀಟು ತುಂಬುವ ಮುಂಚೆ ಗುಂಡಿ ನೋಡಿದಾಗ, ಮಾಡು ಏರಿದಾಗ ಎಂದು ಹಂಚಿ, ಒಂದು ಪಾಲನ್ನು ಮೊದಲ ಮಳೆಗಾಲ ಮುಗಿಯುವವರೆಗೆ ತಡೆಹಿಡಿಯಬೇಕು. ಈ ಹಾಳೆಗೆ ಒಪ್ಪದವನು ಚದರಡಿಗೆ ಎಷ್ಟೇ ಕಡಿಮೆ ಹೇಳಿದರೂ ದುಬಾರಿಯೇ.