ಡೋಲು ಬಾರಿಸುವವನು ‘ಇಲ್ಲ’ ಎನ್ನಬಹುದೇ?

ಉತ್ತರ ಚೆನ್ನೈನ ರಾಯಪುರಂ, ತೊಂಡಿಯಾರ್‌ಪೇಟೆ ಕಡೆಯ ಕೇರಿಗಳಲ್ಲಿ ಸಾವಾದರೆ ಮನೆಮುಂದೆ ಗಾನಾ ಹಾಡಿಸುವ ರೂಢಿಯಿದೆ. ಸತ್ತವರ ಗುಣ, ಬಾಳಿನ ಕಷ್ಟ, ಬಡವರ ತಮಾಷೆ ಎಲ್ಲವೂ ಅದರಲ್ಲಿರುತ್ತೆ. ಹೆಣ ಹೊರಟರೆ ಮುಂದೆ ಪರೈ ಸದ್ದು. ಇಂಥ ಜನಪದ ಆಚರಣೆಗಳನ್ನು ಜಾತಿಯ ವಿರುದ್ಧದ ಪ್ರತಿರೋಧ ಎಂದು ಬರೆಯುವುದು ಈಗ ಸಾಮಾನ್ಯವಾಗಿದೆ. ಮಾತು ಚೆನ್ನಾಗಿದೆ. ಆದರೆ ಅಷ್ಟು ಸುಲಭವಾಗಿ ಒಪ್ಪಬಹುದೇ?

ಪರೈಯನ್ನೇ ನೋಡಿ. ಪರೈಯರ್ ಎಂಬ ಜಾತಿಯ ಹೆಸರಲ್ಲೇ ಆ ವಾದ್ಯವಿದೆ. ಮೇಲ್ಜಾತಿಯವರ ಸಾವಿಗೆ ಹೋಗಿ ಬಾರಿಸುವುದು ಅವರ ಮೇಲೆ ಹೇರಿದ ಚಾಕರಿಯಾಗಿತ್ತು. ಬರುವುದಿಲ್ಲ ಎಂದವನಿಗೆ ಊರಲ್ಲಿ ಬದುಕುವುದೇ ಕಷ್ಟ. ಆ ಸದ್ದಿನಲ್ಲಿ ನಮಗೆ ಪ್ರತಿರೋಧ ಕೇಳಿಸಬಹುದು, ಬಾರಿಸುವವನ ಕೈಯಲ್ಲಿ ಇದ್ದದ್ದು ಬಿಟ್ಟಿ ದುಡಿಮೆ.

ನಮ್ಮ ಕರಾವಳಿಯ ಕತೆಯೂ ಇದಕ್ಕಿಂತ ಬೇರೆಯಲ್ಲ. ತುಳು ಪಾಡ್ದನದ ಕೊರಗ ತನಿಯ, ಬೈದೆತಿಯೊಬ್ಬಳು ಸಾಕಿದ ಅನಾಥ ಹುಡುಗ. ಏಳು ಜನ ಹೊರುವ ಹೊರೆಯನ್ನು ಒಬ್ಬನೇ ದೇವಸ್ಥಾನಕ್ಕೆ ಹೊತ್ತು ತಂದ. ಹೊರೆ ಒಳಗೆ ಹೋಗಬಹುದು, ಹೊತ್ತವನು ಹೋಗಬಾರದು ಎಂದರು. ಅಲ್ಲೇ ಆತ ಮಾಯವಾಗಿ ದೈವವಾದ. ಜಾತಿಯ ಮುಖಕ್ಕೆ ಇದಕ್ಕಿಂತ ನೇರವಾದ ಪ್ರಶ್ನೆ ಇನ್ನೇನಿದೆ? ಇಂದು ಎಲ್ಲ ಜಾತಿಯವರೂ ಕೊರಗಜ್ಜನಿಗೆ ವೀಳ್ಯ, ಚಕ್ಕುಲಿ, ಕಳ್ಳು ಇಡುತ್ತಾರೆ.

ಅಜ್ಜನಿಗೆ ಕೈಮುಗಿದ ಅದೇ ಸಮಾಜ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ಕೊಟ್ಟಿತು. ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಅವರನ್ನು ಓಡಿಸಿತು. ಈ ‘ಅಜಲು’ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ದಲ್ಲಿ ಕಾನೂನೇ ಬೇಕಾಯಿತು. ಅಂದರೆ ಸತ್ತ ಕೊರಗನಿಗೆ ಗುಡಿ, ಬದುಕಿದ ಕೊರಗನಿಗೆ ಅಂಗಳದಾಚೆಯ ಜಾಗ. ಪಾಡ್ದನ ಅವಮಾನವನ್ನು ಮರೆಯಲು ಬಿಡಲಿಲ್ಲ, ನಿಜ. ಆದರೆ ಆರಾಧನೆ ಮಾಡಿದವರಿಗೆ ತಪ್ಪು ತೀರಿತೆಂಬ ನೆಮ್ಮದಿಯನ್ನೂ ಕೊಟ್ಟಿತು.

ನಾವೂ ಇದರಿಂದ ಹೊರಗಿಲ್ಲ. 2022ರಲ್ಲಿ ದಕ್ಷಿಣ ಕನ್ನಡದ ಒಂದು ಮುಸ್ಲಿಂ ಮದುವೆಯಲ್ಲಿ ಕೊರಗಜ್ಜನನ್ನು ಹೋಲುವ ವೇಷ ಹಾಕಿದ್ದು ದೊಡ್ಡ ಗಲಾಟೆಯಾಯಿತು. ಯಾವ ಧರ್ಮದ ಭಾವನೆಗೆ ನೋವಾಯಿತು ಎಂಬುದರ ಸುತ್ತಲೇ ಚರ್ಚೆ ಸುತ್ತಿತು. ಮುಖಕ್ಕೆ ಮಸಿ ಬಳಿದು ನಗುವಾಗ ನಾವು ಯಾರ ಮೈಯನ್ನು ನೋಡಿ ನಗ್ತಾ ಇದ್ದೇವೆ ಅನ್ನೋ ಪ್ರಶ್ನೆಯನ್ನು ನಾವು ಗಟ್ಟಿಯಾಗಿ ಕೇಳಿಕೊಳ್ಳಬೇಕಿತ್ತು.

ಹಾಗಾದರೆ ಪ್ರತಿರೋಧ ಎಲ್ಲಿದೆ? ಮತ್ತೆ ಚೆನ್ನೈಗೇ ಬರೋಣ. ತಮಿಳುನಾಡಿನ ದಲಿತ ಚಳವಳಿ ಮೊದಲು ಹೇಳಿದ್ದು, ಬೇರೆಯವರ ಸಾವಿಗೆ ಪರೈ ಬಾರಿಸುವುದಿಲ್ಲ ಅಂತ. ಹಾಗೆ ಕೆಳಗಿಟ್ಟ ಪರೈಯನ್ನು ಆಮೇಲೆ ತಮ್ಮ ವೇದಿಕೆಯಲ್ಲಿ, ತಮ್ಮ ಇಷ್ಟದಿಂದ ಮತ್ತೆ ಎತ್ತಿಕೊಂಡರು. 2018ರ ಜನವರಿಯಲ್ಲಿ ಕೀಲ್ಪಾಕ್‌ನಲ್ಲಿ ‘ಕಾಸ್ಟ್‌ಲೆಸ್ ಕಲೆಕ್ಟಿವ್’ ತಂಡ ಮೊದಲ ಬಾರಿ ಹಾಡಿದಾಗ ಸಾವಿನ ಮನೆಯ ಗಾನಾ ಜಾತಿಯನ್ನು ಬಹಿರಂಗವಾಗಿ ಪ್ರಶ್ನಿಸಿತು. ನಿರ್ದೇಶಕ ಪ. ರಂಜಿತ್ ಮುಂದೆ ನಿಂತು ಕಟ್ಟಿದ ಆ ತಂಡದ ಹೆಸರಿನ ಹಿಂದೆ ಅಯೋತಿದಾಸ ಪಂಡಿತರ (1845–1914) ‘ಜಾತಿಯಿಲ್ಲದ ತಮಿಳರು’ ಎಂಬ ವಿಚಾರವಿದೆ. ತಾಳ ಹಳೆಯದೇ. ಬಾರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಬದಲಾಗಿದ್ದಾರೆ.

ಗಾನಾದ ಬೇರನ್ನು ಹುಡುಕುವವರು ತೊಂಡಿಯಾರ್‌ಪೇಟೆಯಲ್ಲಿ ದರ್ಗಾ ಇರುವ ಸೂಫಿ ಕವಿ ಕುಣಂಗುಡಿ ಮಸ್ತಾನ್ ಸಾಹಿಬರ ಹೆಸರನ್ನೂ ಹೇಳುತ್ತಾರೆ. ಅದು ನಮಗೆ ಹೆಮ್ಮೆಯ ಮಾತೇ. ಆದರೆ ಹೆಮ್ಮೆಪಟ್ಟರೆ ಸಾಲದು. ನಮ್ಮಲ್ಲೂ ಸಂಬಂಧ ಬೆಳೆಸುವಾಗ ಕುಲ, ಕಸುಬು ಕೇಳುವ ಚಾಳಿ ಹೋಗಿಲ್ಲವಲ್ಲ.

ಜನಪದದ ಬಗ್ಗೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಆಚರಣೆಯ ಅರ್ಥವನ್ನು ಖಂಡಿತ ಬರೆಯಲಿ. ಜೊತೆಗೆ ಡೋಲು ಹಿಡಿದವನ ಹತ್ತಿರ ಒಂದು ಮಾತು ಕೇಳಿ ಬರಲಿ: ನಾಳೆ ಬರಲ್ಲ ಅಂದ್ರೆ ನಿಮಗೆ ಏನಾಗುತ್ತೆ?