ಗೊಮ್ಮಟನ ಕುರುಳು, ಸಿದ್ದಿಯ ಕೂದಲು

ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ನಿಲ್ಲಿಸಿದ ಗೊಮ್ಮಟಮೂರ್ತಿಯ ಚೆಲುವನ್ನು ಕಲಾವಿಮರ್ಶಕರು ಬಗೆಬಗೆಯಾಗಿ ಬಣ್ಣಿಸಿದ್ದಾರೆ. ಸುಮಾರು 58 ಅಡಿಗಳ ಎತ್ತರ, ಮಂದಸ್ಮಿತ, ಮೈಗೆ ಹಬ್ಬಿದ ಬಳ್ಳಿ ಇವುಗಳಿಗೆ ಸಂದಷ್ಟು ಗಮನವು ತಲೆಯ ಕೂದಲಿಗೆ ಸಲ್ಲುವುದು ವಿರಳ. ಶಿಲ್ಪಿಯು ಅಲ್ಲಿ ನೀಳಕೇಶವನ್ನು ಕಡೆದಿಲ್ಲ. ಒತ್ತೊತ್ತಾದ ಸಣ್ಣ ಸುರುಳಿಗಳನ್ನು ಕಡೆದಿದ್ದಾನೆ. ತೀರ್ಥಂಕರ ಬಿಂಬಗಳಲ್ಲಿಯೂ ಬಹುಮಟ್ಟಿಗೆ ಇದೇ ರೀತಿ. ಇದು ಮಹಾಪುರುಷಲಕ್ಷಣವೇ ಹೊರತು ಜನಾಂಗವೊಂದರ ಗುರುತಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಕಲ್ಲಿನಲ್ಲಿ ವಂದ್ಯವಾದ ಸುರುಳಿ ಜೀವಂತ ಮನುಷ್ಯನ ತಲೆಯ ಮೇಲೆ ಕಂಡಾಗ ಹಾಸ್ಯಾಸ್ಪದವಾಗುವುದೇಕೆ?

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿಗಳ ಪೂರ್ವಜರು ಆಫ್ರಿಕಾ ಮೂಲದವರು; ಅನೇಕರು ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದವರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮನ್ನಣೆ ದೊರೆಯಿತು; 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನಪರಿಷತ್ತಿಗೆ ನಾಮಕರಣಗೊಂಡರು. ಆದರೂ ಕನ್ನಡವನ್ನೇ ಆಡುವ ಸಿದ್ದಿಯನ್ನು ‘ಯಾವ ದೇಶದವನು?’ ಎಂದು ಕೇಳುವುದು, ಮಕ್ಕಳ ಗುಂಗುರು ಕೂದಲನ್ನು ಮುಟ್ಟಿ, ಎಳೆದು ನಗುವುದು ನಿಂತಿಲ್ಲ.

ವಿಜಯಪುರಕ್ಕಂತೂ ಈ ಬೆರಗು ಒಪ್ಪುವಂಥದ್ದಲ್ಲ. 1580ರ ದಶಕದಲ್ಲಿ ಇಲ್ಲಿ ರಾಜ್ಯಭಾರ ನಡೆಸಿದವನು ದಿಲಾವರ್ ಖಾನ್ ಹಬ್ಶಿ. ಮುಂದೆ ಮುಹಮ್ಮದ್ ಆದಿಲ್ ಶಾಹನ ಮಂತ್ರಿಯಾದ ಇಖ್ಲಾಸ್ ಖಾನನೂ ಹಬ್ಶಿಯೇ. ಸುಲ್ತಾನನೂ ಅವನೂ ಒಂದೇ ಆನೆಯ ಮೇಲೆ ಕುಳಿತಿರುವ, 17ನೆಯ ಶತಮಾನದ ಬಿಜಾಪುರ ಚಿತ್ರವೊಂದಿದೆ. ಕಲಾವಿದನು ಮಂತ್ರಿಯ ಕಪ್ಪು ಬಣ್ಣವನ್ನು ಮರೆಮಾಚಿಲ್ಲ, ಅಪಹಾಸ್ಯವನ್ನೂ ಮಾಡಿಲ್ಲ. ಈ ಸಮದೃಷ್ಟಿಯೇ ಚಿತ್ರದ ಹಿರಿಮೆ.

ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳುವ ಎಂಟು ಮದಗಳಲ್ಲಿ ಶರೀರಮದವೂ ಒಂದು. ಮೈಬಣ್ಣ, ಕೇಶ, ಆಕಾರಗಳು ನಾಮಕರ್ಮದ ಫಲವಾಗಿರುವಾಗ ನೇರ ಕೂದಲಿನವನಿಗೆ ಹೆಮ್ಮೆ ಎಲ್ಲಿಯದು, ಗುಂಗುರು ಕೂದಲಿನವನಿಗೆ ಕೀಳರಿಮೆ ಎಲ್ಲಿಯದು? ಇನ್ನೊಬ್ಬರ ದೇಹವನ್ನು ಕಂಡು ಹೇಸದಿರುವ ನಿರ್ವಿಚಿಕಿತ್ಸೆಯಂತೂ ಸಮ್ಯಗ್ದರ್ಶನದ ಅಂಗವೇ ಆಗಿದೆ.

ಮುಟ್ಟುವ ವಿಷಯ ಇನ್ನೂ ಸೂಕ್ಷ್ಮವಾದುದು. ಕೊಡದಿರುವುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಶಾಸ್ತ್ರಕಾರರು ಇದನ್ನು ಮುಖ್ಯವಾಗಿ ವಸ್ತುವಿನ ವಿಷಯದಲ್ಲಿ ಹೇಳಿದ್ದಾರೆ, ನಿಜ. ಆದರೆ ಅಂಗಡಿಯ ಕಾಳನ್ನು ಕೇಳದೆ ಮುಟ್ಟದ ಶ್ರಾವಕನು, ಧನಕ್ಕಿಂತಲೂ ಹತ್ತಿರದ್ದಾದ ದೇಹವನ್ನು ಕೇಳದೆ ಮುಟ್ಟಬಹುದೇ? ಮುನಿಗಳು ಕೇಶಲೋಚವನ್ನು ತಮ್ಮ ಕೈಯಿಂದಲೇ ಮಾಡಿಕೊಳ್ಳುತ್ತಾರೆ. ಕೇಶದ ಮೇಲಿನ ಅಧಿಕಾರ ಯಾರದೆಂಬುದನ್ನು ಆ ಆಚರಣೆಯೂ ಸೂಚಿಸುತ್ತದೆ.

‘ಪ್ರೀತಿಯಿಂದ ಮುಟ್ಟಿದರೆ ದೋಷವೇನು?’ ಎಂಬ ಆಕ್ಷೇಪವುಂಟು. ಪ್ರಮಾದವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರದ ನಿರ್ಣಯ. ಮುಟ್ಟುವವನಿಗೆ ಅದು ಕ್ಷಣದ ಕುತೂಹಲ. ಮುಟ್ಟಿಸಿಕೊಳ್ಳುವವನಿಗೆ ದಿನವೂ ಮರುಕಳಿಸುವ ಅವಮಾನ. ಕೂದಲಿನ ಬಗೆಯನ್ನು ಮುಂದಿಟ್ಟು ಶಾಲೆ, ಉದ್ಯೋಗಗಳಲ್ಲಿ ಭೇದವೆಣಿಸುವುದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾಯ್ದೆಯಿಂದಲೇ ನಿಷೇಧಿಸಬೇಕಾಯಿತು. ಅಣುವ್ರತಿಗಳಿಗೆ ಕಾಯ್ದೆಯವರೆಗೆ ಕಾಯುವ ಅಗತ್ಯವಿಲ್ಲ.

ವಿಜಯಪುರದಲ್ಲಾಗಲಿ, ತಿಕೋಟಾ, ಬಬಲೇಶ್ವರಗಳಲ್ಲಾಗಲಿ ಬಸದಿಯ ಉತ್ಸವಕ್ಕೆ ಸಿದ್ದಿ ಕಲಾವಿದರೋ ಆಫ್ರಿಕಾದ ವಿದ್ಯಾರ್ಥಿಯೋ ಬಂದರೆ, ಮಂಡಳಿಯವರು ಮಕ್ಕಳಿಗೆ ಮೊದಲೇ ತಿಳಿಹೇಳಲಿ: ಅತಿಥಿಗೆ ಕೈಮುಗಿಯಬೇಕು, ತಲೆಗೆ ಕೈಹಾಕಬಾರದು. ಗೊಮ್ಮಟನ ಕುರುಳಿಗೆ ನಮಿಸುವ ಕಣ್ಣು ಮನುಷ್ಯನ ಕುರುಳನ್ನು ಗೌರವಿಸದಿದ್ದರೆ, ಅದು ಕಂಡಿರುವುದು ಕಲ್ಲನ್ನು ಮಾತ್ರ.