ಉಯಿಲು ಒಂದು, ಅಂಗಿ ಮೂರು

ಒಂದೇ ಗ್ರಂಥವನ್ನು ಓದುವ ಹಲವು ಸಭೆಗಳು ಸತ್ಯ ತಮ್ಮಲ್ಲಿ ಮಾತ್ರ ಇದೆ ಎಂದು ಹೇಳುವಾಗ ಕೇಳುವವನು ಯಾರನ್ನು ನಂಬಬೇಕು? 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದು ಪಂಡಿತರ ಬಿಡುವಿನ ಚರ್ಚೆಯಾಗಿರಲಿಲ್ಲ. 1673ರ ಟೆಸ್ಟ್ ಆಕ್ಟ್ ಪ್ರಕಾರ ಸರ್ಕಾರಿ ಹುದ್ದೆ ಬೇಕಾದವನು ಆಂಗ್ಲಿಕನ್ ಸಭೆಯ ಪ್ರಭುಭೋಜನ ಸ್ವೀಕರಿಸಿರಬೇಕಿತ್ತು. ಆ ಸಭೆಯ ಹೊರಗೆ ನಿಂತು ಬೋಧಿಸಿದ ಜಾನ್ ಬನ್ಯನ್ ಸುಮಾರು 12 ವರ್ಷ ಸೆರೆಮನೆಯಲ್ಲಿ ಕಳೆದ. ಯಾವ ಸಭೆಯ ಸತ್ಯವನ್ನು ಒಪ್ಪುತ್ತೀರಿ ಎಂಬುದರ ಮೇಲೆ ಅನ್ನ, ಹುದ್ದೆ, ಕೆಲವೊಮ್ಮೆ ತಲೆಯೂ ನಿಂತಿತ್ತು.

ಈ ಜಗಳದೊಳಗಿಂದಲೇ ಹುಟ್ಟಿದ ಮೂರು ಕೃತಿಗಳನ್ನು ಒಟ್ಟಿಗೆ ಓದಬೇಕು ಎಂಬುದು ಈ ಬರಹದ ಸಲಹೆ: ಜಾನ್ ಡ್ರೈಡನ್‌ನ 'ರೆಲಿಜಿಯೊ ಲೈಸಿ' (1682) ಮತ್ತು 'ದ ಹೈಂಡ್ ಅಂಡ್ ದ ಪ್ಯಾಂಥರ್' (1687), ಜೊನಾಥನ್ ಸ್ವಿಫ್ಟ್‌ನ 'ಎ ಟೇಲ್ ಆಫ್ ಎ ಟಬ್' (1704). ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಡ್ರೈಡನ್ ರಾಜಕೀಯ ವಿಡಂಬನೆಯ ಕವಿಯಾಗಿ, ಸ್ವಿಫ್ಟ್ ಗಲಿವರನ ಕರ್ತೃವಾಗಿ ಬಂದುಹೋಗುತ್ತಾರೆ. ಈ ಮೂರು ಕೃತಿಗಳು ಬದಿಗೆ ಉಳಿಯುವುದೇ ಹೆಚ್ಚು. ಆದರೆ ಮತಗಳು ತಮ್ಮ ಹಕ್ಕನ್ನು ಹೇಗೆ ಸಾಧಿಸುತ್ತವೆ, ಆ ಸಾಧನೆ ಎಲ್ಲಿ ಜಾರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬರಹಗಳು ಕಡಿಮೆ.

'ರೆಲಿಜಿಯೊ ಲೈಸಿ' ಎಂದರೆ ಸಾಮಾನ್ಯ ಗೃಹಸ್ಥನ ಧರ್ಮ. ಇದಕ್ಕೆ ಪ್ರೇರಣೆಯಾದದ್ದು ಫ್ರೆಂಚ್ ಪಾದ್ರಿ ರಿಚರ್ಡ್ ಸಿಮೋನ್ ಹಳೆಯ ಒಡಂಬಡಿಕೆಯ ಬಗ್ಗೆ ಬರೆದ ವಿಮರ್ಶಾತ್ಮಕ ಚರಿತ್ರೆಯ ಇಂಗ್ಲಿಷ್ ಅನುವಾದ. ಪ್ರತಿಕಾರರ ಕೈಯಲ್ಲಿ ಬೈಬಲಿನ ಪಠ್ಯ ಸಾಕಷ್ಟು ಕೆಟ್ಟಿದೆ, ಆದ್ದರಿಂದ ಗ್ರಂಥವೊಂದೇ ಸಾಲದು, ಸಭೆಯ ಪರಂಪರೆಯೂ ಬೇಕು ಎಂಬುದು ಕ್ಯಾಥೊಲಿಕನಾದ ಸಿಮೋನನ ವಾದ. ಅವನ ವಾದ ಅವನ ಕಡೆಯವರಿಗೇ ಹಿಡಿಸಲಿಲ್ಲ. ಫ್ರಾನ್ಸಿನಲ್ಲಿ ಪುಸ್ತಕದ ಪ್ರತಿಗಳನ್ನು ನಾಶಮಾಡಿಸಲಾಯಿತು. ಆಗ ಆಂಗ್ಲಿಕನ್ ಆಗಿದ್ದ ಡ್ರೈಡನ್‌ನ ಉತ್ತರ ಸರಳ: ಮೋಕ್ಷಕ್ಕೆ ಬೇಕಾದ ವಿಷಯಗಳು ಕೆಲವೇ, ಅವು ಗ್ರಂಥದಲ್ಲಿ ಸ್ಪಷ್ಟವಾಗಿವೆ.

ಆದರೆ ಕವಿತೆ ಈ ಉತ್ತರದಲ್ಲಿ ನೆಮ್ಮದಿಯಾಗಿ ಕೂರುವುದಿಲ್ಲ. ಕ್ರಿಸ್ತನು ದೇವರು ಎಂದು ನಾವು ಸಾಧಿಸುವ ಗ್ರಂಥದಿಂದಲೇ ಅವನು ಬರಿಯ ಮನುಷ್ಯ ಎಂದು ಸೊಸಿನಿಯನ್ನರು ಸಾಧಿಸುತ್ತಾರಲ್ಲ, ಈ ವ್ಯಾಜ್ಯಕ್ಕೆ ತೀರ್ಪುಗಾರ ಯಾರು ಎಂಬ ಪ್ರಶ್ನೆ ಅಲ್ಲೇ ಏಳುತ್ತದೆ. ಎಲ್ಲವನ್ನೂ ಬಲ್ಲ ಸಭೆಯೊಂದು ನಿಜಕ್ಕೂ ಇದ್ದಿದ್ದರೆ ಅದರ ಬೆಲೆ ಕಟ್ಟಲಾಗದು ಎಂದು ಕವಿ ಒಪ್ಪಿಕೊಳ್ಳುತ್ತಾನೆ. ಕೊನೆಗೆ, ತಿಳಿಯದ ಕಡೆ ನಮ್ಮ ತರ್ಕವನ್ನು ಹಿಡಿದಿಟ್ಟುಕೊಳ್ಳುವುದು ಲೋಕದ ಶಾಂತಿ ಕೆಡಿಸುವುದಕ್ಕಿಂತ ಮೇಲು ಎನ್ನುತ್ತಾನೆ. ಗಮನಿಸಿ: ಸತ್ಯದ ಪ್ರಶ್ನೆಯಿಂದ ಹೊರಟ ಕವಿತೆ ಶಾಂತಿಯ ಉತ್ತರಕ್ಕೆ ಬಂದು ನಿಂತಿದೆ. ಪ್ರಶ್ನೆ ಹಾಗೆಯೇ ಉಳಿದಿದೆ.

ಐದು ವರ್ಷದ ಬಳಿಕ ಅದೇ ಪ್ರಶ್ನೆಗೆ ಅದೇ ಕವಿ ಬೇರೆ ಉತ್ತರ ಕೊಟ್ಟ. 1685ರಲ್ಲಿ ಕ್ಯಾಥೊಲಿಕನಾದ ಎರಡನೆಯ ಜೇಮ್ಸ್ ಪಟ್ಟಕ್ಕೆ ಬಂದಿದ್ದ. ಡ್ರೈಡನ್ ಕೂಡ ಕ್ಯಾಥೊಲಿಕನಾದ. 'ದ ಹೈಂಡ್ ಅಂಡ್ ದ ಪ್ಯಾಂಥರ್'ನಲ್ಲಿ ಬಿಳಿಯ ಹೆಣ್ಣು ಜಿಂಕೆ ರೋಮಿನ ಸಭೆ, ಚುಕ್ಕೆಗಳ ಚಿರತೆ ಇಂಗ್ಲೆಂಡಿನ ಸಭೆ. ತೋಳ ಪ್ರೆಸ್ಬಿಟೇರಿಯನ್ನರು, ಕರಡಿ ಇಂಡಿಪೆಂಡೆಂಟರು, ಮೊಲ ಕ್ವೇಕರರು. ಜಿಂಕೆ, ಚಿರತೆ ಜೊತೆಯಾಗಿ ನಡೆಯುತ್ತಾ ದೇವತಾಶಾಸ್ತ್ರ ಚರ್ಚಿಸುತ್ತವೆ. ಪ್ರಾಣಿಗಳು ಇಷ್ಟು ಗಹನವಾದುದನ್ನು ಮಾತಾಡುವುದು ಆ ಕಾಲದ ಇಂಗ್ಲಿಷ್ ಓದುಗರಿಗೆ ನಗೆಯಾಗಿ ಕಂಡಿತು; ಮ್ಯಾಥ್ಯೂ ಪ್ರಯರ್ ಮತ್ತು ಚಾರ್ಲ್ಸ್ ಮಾಂಟೆಗ್ಯೂ ಅದೇ ವರ್ಷ ಇಲಿಗಳನ್ನು ಇಟ್ಟುಕೊಂಡು ಅಣಕು ಬರೆದರು. ದುರ್ಗಸಿಂಹನ ಪಂಚತಂತ್ರ ಬಲ್ಲ ನಮಗೆ ಇದು ವಿಚಿತ್ರವೆನಿಸಬೇಕಿಲ್ಲ. ಮತವನ್ನು ಮತದಿಂದ ಒರೆಗೆ ಹಚ್ಚುವ ಕೃತಿಯೂ ನಮಗೆ ಹೊಸದಲ್ಲ; ಬ್ರಹ್ಮಶಿವನ 'ಸಮಯಪರೀಕ್ಷೆ' ಇದೆ. ಅಲ್ಲಿ ಒರೆಗಲ್ಲು ಹಿಡಿದವನು ಜೈನ, ಇಲ್ಲಿ ಕ್ಯಾಥೊಲಿಕ. ಎರಡರಲ್ಲೂ ಒರೆಗಲ್ಲನ್ನು ಯಾರೂ ಪರೀಕ್ಷಿಸುವುದಿಲ್ಲ.

ಜಿಂಕೆಯ ವಾದ ಗಟ್ಟಿಯಾದದ್ದೇ. ಪ್ರತಿಯೊಬ್ಬನೂ ತನ್ನ ಬುದ್ಧಿಗೆ ತೋಚಿದಂತೆ ಗ್ರಂಥ ಓದಬಹುದಾದರೆ ಚಿರತೆ ತೋಳವನ್ನು ಯಾವ ಬಾಯಿಂದ ಗದರಿಸುತ್ತದೆ? ರೋಮಿನಿಂದ ಬಿಟ್ಟುಹೋಗಲು ಚಿರತೆ ಕೊಟ್ಟ ಕಾರಣವನ್ನೇ ತೋಳ ಚಿರತೆಗೆ ಕೊಡುತ್ತದೆ. ಆದ್ದರಿಂದ ಮಾತನಾಡಬಲ್ಲ, ತೀರ್ಪು ಕೊಡಬಲ್ಲ ಸಭೆ ಬೇಕು. ಈ ವಾದದ ಬಿರುಕು ಒಂದೇ ಕಡೆ ಇದೆ: ಆ ನ್ಯಾಯಾಧೀಶನನ್ನು ಗುರುತಿಸುವವರು ಯಾರು? ರೋಮಿನ ಸಭೆಯೇ ಸರಿ ಎಂದು ಡ್ರೈಡನ್ ತೀರ್ಮಾನಿಸಿದ್ದು ತನ್ನ ಸ್ವಂತ ಬುದ್ಧಿಯಿಂದ. ಸ್ವಂತ ಬುದ್ಧಿಯನ್ನು ನಂಬಬೇಡ ಎಂಬ ನಿರ್ಣಯಕ್ಕೂ ಸ್ವಂತ ಬುದ್ಧಿಯ ಮೂಲಕವೇ ಬರಬೇಕಾಗುತ್ತದೆ.

ರೂಪಕವೂ ವಾದಕ್ಕೆ ಹೆಚ್ಚು ಸಹಾಯ ಮಾಡಿದೆ. ಜಿಂಕೆಗೆ ಹಲ್ಲಿಲ್ಲ, ಉಗುರಿಲ್ಲ; ನೋಡಿದೊಡನೆ ನಮ್ಮ ಮನಸ್ಸು ಅದರ ಕಡೆ ವಾಲುತ್ತದೆ. ಆದರೆ 1553ರಿಂದ 1558ರವರೆಗೆ ಆಳಿದ ರಾಣಿ ಮೇರಿಯ ಕಾಲದಲ್ಲಿ ಸುಮಾರು 280 ಪ್ರೊಟೆಸ್ಟೆಂಟರನ್ನು ಸುಡಲಾಗಿತ್ತು. ಕವಿತೆ ಬರುವ ಎರಡೇ ವರ್ಷ ಹಿಂದೆ, 1685ರಲ್ಲಿ, ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ನಾಂಟ್ ಶಾಸನವನ್ನು ರದ್ದುಮಾಡಿ ಪ್ರೊಟೆಸ್ಟೆಂಟರ ಆರಾಧನೆಯನ್ನು ನಿಷೇಧಿಸಿದ್ದ. ಅಧಿಕಾರವಿದ್ದಲ್ಲಿ ಜಿಂಕೆಗೂ ಉಗುರು ಬೆಳೆದಿತ್ತು.

ಡ್ರೈಡನ್ ರಾಜನನ್ನು ಮೆಚ್ಚಿಸಲು ಮತ ಬದಲಿಸಿದ ಎಂಬ ಆರೋಪ ಹಳೆಯದು. 1688ರ ಕ್ರಾಂತಿಯಲ್ಲಿ ಜೇಮ್ಸ್ ಓಡಿಹೋದ ಮೇಲೂ ಅವನು ಮರಳಿ ಬದಲಾಗಲಿಲ್ಲ. ಆಸ್ಥಾನಕವಿ ಪದವಿ ಹೋಯಿತು. ಅದು ಸಿಕ್ಕಿದ್ದು ಹಿಂದೆ ಅವನೇ ಗೇಲಿ ಮಾಡಿದ್ದ ಥಾಮಸ್ ಶಾಡ್ವೆಲ್‌ಗೆ. 1700ರಲ್ಲಿ ಸಾಯುವವರೆಗೂ ಡ್ರೈಡನ್ ಕ್ಯಾಥೊಲಿಕನಾಗಿಯೇ ಉಳಿದ. ವಾದದಲ್ಲಿ ಬಿರುಕಿದ್ದರೂ ನಂಬಿಕೆ ನಾಟಕವಾಗಿರಲಿಲ್ಲ ಎನ್ನಲು ಇಷ್ಟು ಸಾಕು.

ಸ್ವಿಫ್ಟ್ ಆಂಗ್ಲಿಕನ್ ಪಾದ್ರಿ. ಅವನ ಕಥೆಯಲ್ಲಿ ತಂದೆ ಮೂವರು ಮಕ್ಕಳಿಗೆ ಒಂದೊಂದು ಅಂಗಿ ಬಿಟ್ಟು ಸಾಯುತ್ತಾನೆ. ಅಂಗಿಯನ್ನು ಹೇಗೆ ತೊಡಬೇಕು ಎಂಬುದು ಉಯಿಲಿನಲ್ಲಿದೆ, ಏನನ್ನೂ ಬದಲಿಸುವಂತಿಲ್ಲ. ಪೇಟೆಯಲ್ಲಿ ಭುಜಕ್ಕೆ ಗೊಂಡೆ ಕಟ್ಟುವ ಫ್ಯಾಷನ್ ಬರುತ್ತದೆ. ಉಯಿಲಿನಲ್ಲಿ ಆ ಪದವಿಲ್ಲ. ಅಣ್ಣತಮ್ಮಂದಿರು ಪದ ಬಿಟ್ಟು ಅಕ್ಷರ ಹುಡುಕುತ್ತಾರೆ. ಒಂದು ಅಕ್ಷರ ಸಿಗದಿದ್ದಾಗ ಅದರ ಬದಲು ಇನ್ನೊಂದು ನಡೆಯುತ್ತದೆ ಎಂದು ಸಾಧಿಸುತ್ತಾರೆ. ಬೆಳ್ಳಿಯ ಅಂಚು ಕೂಡದು ಎಂದು ಉಯಿಲು ನೇರವಾಗಿ ಹೇಳಿದಾಗ, ಆ ಪದಕ್ಕೆ ಪೊರಕೆಯ ಕೋಲು ಎಂಬ ಅರ್ಥವೂ ಉಂಟು ಎನ್ನುತ್ತಾರೆ. ಬೇಕಾದ ಅರ್ಥವನ್ನು ಮೊದಲೇ ಇಟ್ಟುಕೊಂಡು ಪಠ್ಯಕ್ಕೆ ಇಳಿಯುವ ಎಲ್ಲರಿಗೂ, ವಿಮರ್ಶಕರನ್ನೂ ಸೇರಿಸಿ, ಈ ಪುಟಗಳು ಕನ್ನಡಿ.

ಮುಂದೆ ರೋಮಿನ ಪ್ರತೀಕವಾದ ಪೀಟರ್ ರೊಟ್ಟಿಯ ತುಂಡನ್ನು ಕುರಿಮಾಂಸ ಎಂದು ಒಪ್ಪಲೇಬೇಕೆಂದು ಗದರುತ್ತಾನೆ. ಉಳಿದಿಬ್ಬರು ಬೇರೆಯಾಗುತ್ತಾರೆ. ಕಾಲ್ವಿನ್ ಪಂಥದ ಜ್ಯಾಕ್ ಸಿಟ್ಟಿನಲ್ಲಿ ಅಲಂಕಾರಗಳನ್ನು ಕಿತ್ತು ಅಂಗಿಯನ್ನೇ ಹರಿದುಕೊಳ್ಳುತ್ತಾನೆ. ಕೊನೆಗೆ ಪೀಟರನ ಥಳಕು, ಜ್ಯಾಕನ ಚಿಂದಿ ಎರಡೂ ಒಂದೇ ಥರ ಕಂಡು ಜನ ಒಬ್ಬನನ್ನು ಇನ್ನೊಬ್ಬನೆಂದು ತಿಳಿಯುತ್ತಾರೆ. ವಿರೋಧಿಗಳು ಹಟದಿಂದಲೇ ಅವಳಿಗಳಾಗುವುದು ಸ್ವಿಫ್ಟ್‌ನ ಅತ್ಯುತ್ತಮ ಕಾಣ್ಕೆ.

ಹಾಗಾದರೆ ಲೂಥರನ ಹೆಸರು ಹೊತ್ತು ಆಂಗ್ಲಿಕನ್ ಮಧ್ಯಮಾರ್ಗಕ್ಕೆ ನಿಂತ ಮಾರ್ಟಿನ್? ಅವನು ಅಲಂಕಾರಗಳನ್ನು ಎಚ್ಚರಿಕೆಯಿಂದ ಬಿಚ್ಚುತ್ತಾನೆ, ಬಿಚ್ಚಿದರೆ ಬಟ್ಟೆ ಹರಿಯುವ ಕಡೆ ಹಾಗೆಯೇ ಬಿಡುತ್ತಾನೆ. ಆಮೇಲೆ ಕಥೆಯಿಂದ ಬಹುಮಟ್ಟಿಗೆ ಮರೆಯಾಗುತ್ತಾನೆ. ವಿಡಂಬನೆಯ ದೀಪ ಸ್ವಂತ ಮನೆಯ ಮೂಲೆಗೆ ಬೀಳದಿರುವುದು ಕೃತಿಯ ದೌರ್ಬಲ್ಯ ಎನ್ನಬಹುದು. ಆದರೆ ಮಾರ್ಟಿನ್ ಮಾಡಿದ ಕೆಲಸವನ್ನು ಇನ್ನೊಮ್ಮೆ ನೋಡಿ. ಅವನು ಬಿಟ್ಟ ಅಲಂಕಾರಕ್ಕೆ ಉಯಿಲಿನ ಅನುಮತಿ ಇಲ್ಲ. ಅವನ ಅಳತೆಗೋಲು ಉಯಿಲಲ್ಲ, ಬಟ್ಟೆ. ಸರಿಯಾಗಿರುವುದಕ್ಕಿಂತ ಅಂಗಿ ಹರಿಯದಿರುವುದು ಅವನಿಗೆ ಮುಖ್ಯ. 1682ರ ಡ್ರೈಡನ್ ಬಂದು ನಿಂತದ್ದೂ ಇಲ್ಲೇ. ಸತ್ಯ ನಮ್ಮಲ್ಲಿದೆ ಎಂದು ಹೊರಟ ಸಭೆ, ನಮ್ಮಿಂದ ಹಾನಿ ಕಡಿಮೆ ಎಂಬ ಮಾತಿಗೆ ಇಳಿದಿದೆ.

ಅದು ಸಣ್ಣ ಮಾತಲ್ಲ, ನಿಜವಾಗಿಯೂ ಪಾಲಿಸಿದ್ದರೆ. ಟೆಸ್ಟ್ ಕಾನೂನನ್ನು ಐರ್ಲೆಂಡಿನ ಪ್ರೆಸ್ಬಿಟೇರಿಯನ್ನರಿಗಾಗಿ ಸಡಿಲಿಸುವುದನ್ನು ಸ್ವಿಫ್ಟ್ ಕೊನೆಯವರೆಗೂ ವಿರೋಧಿಸಿದ. ಪ್ರತಿಯೊಂದು ಸಭೆಗೂ ತಾನೇ ಸರಿ ಎನಿಸುತ್ತದೆ, ಆದ್ದರಿಂದ ದಂಡಿಸುವ ಅಧಿಕಾರ ಯಾವ ಸಭೆಗೂ ಇರಬಾರದು ಎಂದು 1689ರಲ್ಲೇ ಹೇಳಿದ್ದ ಜಾನ್ ಲಾಕ್‌ನ ಸಹನೆ ಕೂಡ ನಾಸ್ತಿಕರವರೆಗೆ ಚಾಚಲಿಲ್ಲ. ಎಲ್ಲರ ಬಟ್ಟೆಗೂ ಎಲ್ಲೋ ಒಂದು ಅಂಚು ಇತ್ತು.

ಈ ಕೃತಿಗಳಲ್ಲಿ ಯಾವುದೂ ಯಾರ ಬಳಿ ಸತ್ಯವಿದೆ ಎಂದು ತೀರ್ಮಾನಿಸಿಕೊಡುವುದಿಲ್ಲ. ಪ್ರತಿ ವಾದವೂ ಒಂದು ಜಾಗದಲ್ಲಿ ದನಿ ತಗ್ಗಿಸುತ್ತದೆ: ಜಿಂಕೆ ತನ್ನ ನ್ಯಾಯಾಧೀಶನ ನೇಮಕದ ವಿಷಯ ಬಂದಾಗ, ಮಾರ್ಟಿನ್ ಬಿಚ್ಚದೆ ಬಿಟ್ಟ ಹೊಲಿಗೆಯ ಮುಂದೆ. ಓದುವವರು ಬೆರಳಿಡಬೇಕಾದದ್ದು ಅಲ್ಲಿ.